ಪೈರಿನ ಗಣತಿ

ಮಡಕೆಯ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ಲೋಕಾನುಭವ. ಮಡಕೆಯಲ್ಲಿ ಕುದಿಯುವ ಅಗುಳುಗಳಿಗೆಲ್ಲ ನೀರೂ ಒಂದೇ, ಉರಿಯೂ ಒಂದೇ. ಹೊಲದ ಸ್ಥಿತಿ ಹಾಗಲ್ಲ. ಒಂದೇ ಹೊಲದಲ್ಲಿ ದಿಣ್ಣೆಯುಂಟು, ತಗ್ಗುಂಟು; ಕಲ್ಲುನೆಲವುಂಟು, ಗೊಬ್ಬರ ಕಂಡ ನೆಲವೂ ಉಂಟು. ಅಲ್ಲಿ ಪೈರು ಎಷ್ಟು ದಟ್ಟವಾಗಿದೆ ಎಂದು ಅರಿಯಲು ಒಂದೆಡೆ ನೋಡಿದರೆ ಸಾಲದು. ಎಲ್ಲವನ್ನೂ ಎಣಿಸುವುದು ಆಗದ ಮಾತು. ಇವೆರಡರ ನಡುವಣ ದಾರಿಯೇ ಮಾದರಿ ಚೌಕದ ಕ್ರಮ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸುತ್ತ ಮಲೆನಾಡಿನ ಕಾಫಿ ತೋಟಗಳಿವೆ. ಅಲ್ಲಿಂದ ಪೂರ್ವಕ್ಕೆ ಹಳೇಬೀಡನ್ನು ದಾಟಿ ಅರಸೀಕೆರೆಯ ಕಡೆಗೆ ಸಾಗಿದರೆ ಬಯಲುಸೀಮೆಯ ರಾಗಿ ಹೊಲಗಳು ಕಾಣುತ್ತವೆ. ಮೊದಲು ರಾಗಿಯ ಹೊಲವನ್ನೇ ನೋಡೋಣ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಪೈರಿನಿಂದ ಪೈರಿಗೆ 10 ಸೆಂಟಿಮೀಟರ್ ಅಂತರವಿದ್ದರೆ ಒಂದು ಚದರ ಮೀಟರಿನಲ್ಲಿ ಸುಮಾರು 33 ಪೈರುಗಳಿರಬೇಕು. ಪೈರು ವಿರಳವಾದರೆ ಆ ಜಾಗವನ್ನು ಕಳೆ ಆಕ್ರಮಿಸುತ್ತದೆ. ಅತಿ ದಟ್ಟವಾದರೆ ನೀರು, ಬೆಳಕು, ಸಾರಕ್ಕಾಗಿ ಪೈರುಗಳೇ ಪರಸ್ಪರ ಸೆಣಸಿ ಸೊರಗುತ್ತವೆ. ಖಾಲಿ ಜಾಗ ತುಂಬಬೇಕೆ, ಒತ್ತಾದ ಪೈರನ್ನು ಕಿತ್ತು ತೆಳುವಾಗಿಸಬೇಕೆ ಎಂಬುದನ್ನು ಪೈರು ಎಳೆಯದಿರುವಾಗಲೇ ನಿರ್ಧರಿಸಬೇಕು.

ಇದಕ್ಕೆ ಬೇಕಾದ ಸಲಕರಣೆ ಅತಿ ಸರಳ. ನಾಲ್ಕು ಬಿದಿರು ಗಳುಗಳನ್ನು ಕಟ್ಟಿ, ಒಳ ಅಳತೆ ಒಂದು ಮೀಟರ್ ಇರುವ ಚೌಕಟ್ಟನ್ನು ಮಾಡಿಕೊಳ್ಳಬೇಕು. ಅದನ್ನು ಎಲ್ಲಿ ಇಡಬೇಕೆಂಬುದನ್ನು ಕಣ್ಣಿಗೆ ಬಿಡದೆ, ಅಂಕಿಗಳನ್ನು ಬರೆದ ಚೀಟಿಗಳಿಗೆ ಬಿಡಬೇಕು. ಒಂದು ಚೀಟಿಯ ಅಂಕಿಯಷ್ಟು ಹೆಜ್ಜೆ ಬದುವಿನ ಉದ್ದಕ್ಕೆ, ಮತ್ತೊಂದರ ಅಂಕಿಯಷ್ಟು ಹೆಜ್ಜೆ ಹೊಲದೊಳಕ್ಕೆ ನಡೆದು, ನಿಂತಲ್ಲಿಯೇ ಚೌಕಟ್ಟನ್ನು ಇಡಬೇಕು. ಗಳುವಿನ ಅಡಿಗೆ ಸಿಕ್ಕ ಪೈರುಗಳಲ್ಲಿ ಅಕ್ಕಪಕ್ಕದ ಎರಡು ಬದಿಯವನ್ನು ಎಣಿಸಿ, ಉಳಿದೆರಡು ಬದಿಯವನ್ನು ಬಿಡಬೇಕು.

ಹತ್ತು ಚೌಕಗಳಲ್ಲಿ 31, 28, 34, 12, 30, 27, 33, 9, 29, 27 ಪೈರುಗಳು ದೊರೆತವೆಂದು ಭಾವಿಸೋಣ. ಒಟ್ಟು 260, ಸರಾಸರಿ 26. ಒಂದು ಎಕರೆ ಸುಮಾರು 4,000 ಚದರ ಮೀಟರ್ ಆದುದರಿಂದ ಎಕರೆಗೆ ಸುಮಾರು 1,04,000 ಪೈರುಗಳಿವೆ ಎಂದಾಯಿತು. 12 ಮತ್ತು 9 ಬಂದ ಚೌಕಗಳು ಬರಡು ಜಾಗದವು ಎಂದು ಅವನ್ನು ಕೈಬಿಟ್ಟರೆ ಸರಾಸರಿ 30ಕ್ಕೆ ಸಮೀಪಿಸುತ್ತದೆ. ಆಗ ನೆಲದ ಮೇಲೆ ಇಲ್ಲದ 16,000 ಪೈರುಗಳು ಕಾಗದದ ಮೇಲೆ ಹುಟ್ಟಿಕೊಳ್ಳುತ್ತವೆ! ಬರಡು ಜಾಗವೂ ಹೊಲದ ಭಾಗವೇ. ಅದನ್ನು ಮರೆಮಾಚಿದ ಲೆಕ್ಕ ಹೊಲದ ಲೆಕ್ಕವಲ್ಲ.

ಕಣ್ಣಿನ ಅಂದಾಜು ಮೋಸಗೊಳಿಸುತ್ತದೆ ಎಂಬುದನ್ನು ಅಮೆರಿಕದ ನೆಬ್ರಾಸ್ಕಾದಲ್ಲಿ ಸಸ್ಯಗಳನ್ನು ಅಭ್ಯಸಿಸುತ್ತಿದ್ದ ಪೌಂಡ್ ಮತ್ತು ಕ್ಲೆಮೆಂಟ್ಸ್ 1898ರಲ್ಲಿಯೇ ಕಂಡುಕೊಂಡು, ಚೌಕಗಳನ್ನು ಗುರುತಿಸಿ ಗಿಡಗಳನ್ನು ಎಣಿಸುವ ಕ್ರಮವನ್ನು ರೂಢಿಗೆ ತಂದರು. ನಮ್ಮ ದೇಶದಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು ಬಂಗಾಳದ ಬೆಳೆಗಳನ್ನು ಮಾದರಿ ಕ್ರಮದಿಂದ ಅಳೆದರು. ಚೌಕ ತೀರ ಚಿಕ್ಕದಾದರೆ ಅಂಚಿನ ಪೈರುಗಳು ಒಳಸೇರಿ ಲೆಕ್ಕ ಉಬ್ಬುತ್ತದೆ ಎಂದು ಅವರು ತೋರಿಸಿಕೊಟ್ಟರು.

ಕೊಯ್ಲಿನ ಕಾಲದ 'ಬೆಳೆ ಕಟಾವು ಪ್ರಯೋಗ'ವೂ ಇದೇ ತತ್ತ್ವವನ್ನು ಆಧರಿಸಿದೆ. ಅಲ್ಲಿ ಎಣಿಕೆಯ ಬದಲು ತೂಕ. ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕದ ಬೆಳೆಯನ್ನು ಕೊಯ್ದು, ಬಡಿದು, ಕಾಳನ್ನು ತೂಗುತ್ತಾರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪರಿಹಾರಕ್ಕೂ ಇಂಥ ಪ್ರಯೋಗಗಳು ಆಧಾರವಾಗಿವೆ. ಚೆನ್ನಾಗಿ ಬೆಳೆದ ಮೂಲೆಯನ್ನೇ ಆರಿಸಿದರೆ ನಷ್ಟಕ್ಕೊಳಗಾದ ರೈತನಿಗೆ ಪರಿಹಾರ ತಪ್ಪುತ್ತದೆ. ಒಣಗಿದ ಮೂಲೆಯನ್ನೇ ಆರಿಸಿದರೆ ಸಾರ್ವಜನಿಕರ ಹಣ ಪೋಲಾಗುತ್ತದೆ.

ಅರೇಹಳ್ಳಿಯ ತೋಟಗಳಿಗೂ ಈ ಕ್ರಮ ಸಲ್ಲುತ್ತದೆ. ಹತ್ತು ಅಡಿ ಅಂತರದಲ್ಲಿ ನೆಟ್ಟ ರೊಬಸ್ಟಾ ಕಾಫಿ ಎಕರೆಗೆ ಸುಮಾರು 435 ಗಿಡ ಎಂದು ಗುಣಾಕಾರವೇ ಹೇಳುತ್ತದೆ. ಆದರೆ ಎಷ್ಟು ಗಿಡ ಸತ್ತಿವೆ, ಅಡ್ಡಾದಿಡ್ಡಿಯಾಗಿ ಬೆಳೆದ ನೆರಳುಮರಗಳು ಎಷ್ಟಿವೆ ಎಂಬುದನ್ನು ಗುಣಾಕಾರ ಹೇಳಲಾರದು, ಎಣಿಸಿಯೇ ತಿಳಿಯಬೇಕು. ಮರಗಳಿಗೆ ಒಂದು ಮೀಟರಿನ ಚೌಕಟ್ಟು ಸಾಲದು. ಹಗ್ಗ ಹಿಡಿದು ಇಪ್ಪತ್ತು ಮೀಟರಿನ ಚೌಕವನ್ನೇ ಗುರುತಿಸಬೇಕಾದೀತು. ಅಳತೆ ಬದಲಾದರೂ ನಿಯಮ ಬದಲಾಗದು. ಅಳೆಯುವವನು ತನ್ನ ಮೆಚ್ಚಿಗೆಯನ್ನು ಬದುವಿನ ಆಚೆಗಿಟ್ಟು ಹೊಲಕ್ಕೆ ಇಳಿದಾಗ ಮಾತ್ರ ಚಿಕ್ಕ ಚೌಕ ಇಡೀ ಹೊಲದ ಪರವಾಗಿ ಸಾಕ್ಷಿ ನುಡಿಯಬಲ್ಲದು.