ಮೇಲ್ ಸೆಟ್ ಮಾಡುವ ಕಸುಬು

ಹುಲಿಕಲ್ ಘಾಟಿ ಇಳಿಯುವ ಮುಂಚೆ ಸಿಗುವ ಊರು ಮಾಸ್ತಿಕಟ್ಟೆ. ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿ) ಕಾಲೊನಿ, ಹತ್ತಿರದಲ್ಲೇ ಮಾಣಿ ಡ್ಯಾಮಿನ ನೀರು, ಘಾಟಿಯ ಕೆಳಗೆ ನೆಲದೊಳಗೆ ವಾರಾಹಿ ವಿದ್ಯುದಾಗಾರ. ತಲಾ 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳು, ಒಟ್ಟು 460 ಮೆಗಾವ್ಯಾಟ್. ಇಷ್ಟಿದ್ದೂ ಆಷಾಢದ ಮಳೆಗೆ ಲೈನಿನ ಮೇಲೆ ಮರ ಬಿತ್ತೆಂದರೆ ಆಸುಪಾಸಿನ ಹಳ್ಳಿಗಳಲ್ಲಿ ಕರೆಂಟೂ ಇಲ್ಲ, ಟವರಿನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಇಲ್ಲ. ದೀಪದ ಬುಡದ ಕತ್ತಲೆ ಎನ್ನುವುದನ್ನು ಇಲ್ಲಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಂಥ ಕಡೆ ಬ್ರೌಸರ್ ತೆರೆದು ಮೇಲ್ ಓದಲು ಕೂತರೆ ಪುಟ ಅರ್ಧ ಬಂದು ನಿಲ್ಲುತ್ತದೆ. ಅದರ ಬದಲು ಫೋನಿನ ಮೇಲ್ ಆ್ಯಪಿನಲ್ಲೇ ಖಾತೆ ಸೆಟ್ ಆಗಿದ್ದರೆ, ಸಿಗ್ನಲ್ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ಅದು ಹೊಸ ಮೇಲುಗಳನ್ನು ಇಳಿಸಿಕೊಂಡಿರುತ್ತದೆ, ನಾವು ಬರೆದಿಟ್ಟದ್ದನ್ನು ಕಳಿಸಿಯೂ ಇರುತ್ತದೆ. ಆಮೇಲೆ ಸಿಗ್ನಲ್ ಹೋದರೂ ಓದುವುದಕ್ಕೆ ಅಡ್ಡಿಯಿಲ್ಲ. ಹಾಗೆ ಸೆಟ್ ಮಾಡಿಕೊಡುವುದು ಒಂದು ಕಸುಬು. ಮೊಬೈಲ್ ಅಂಗಡಿಯಲ್ಲಿ ರೀಚಾರ್ಜಿಗೂ ಸ್ಕ್ರೀನ್‌ಗಾರ್ಡಿಗೂ ನಡುವೆ ನಡೆಯುವುದರಿಂದ ಅದನ್ನು ಯಾರೂ ಕಸುಬೆಂದು ಲೆಕ್ಕಕ್ಕಿಟ್ಟಿಲ್ಲ, ಅಷ್ಟೇ.

ಜಿಮೇಲ್, ಯಾಹೂ ವಿಳಾಸಗಳಲ್ಲಿ ಕೈಚಳಕಕ್ಕೆ ಜಾಗ ಕಡಿಮೆ. ಅವುಗಳ ಸರ್ವರ್ ಹೆಸರು ಆ್ಯಪಿಗೆ ಮೊದಲೇ ಗೊತ್ತಿರುತ್ತದೆ. ಕಷ್ಟ ಬರುವುದು ಸ್ವಂತ ಹೆಸರಿನ ವಿಳಾಸ ಇರುವವರಿಗೆ. ಘಾಟಿ ಸೀಮೆಯಲ್ಲಿ ಹೋಂಸ್ಟೇ ನಡೆಸುವ ಗೌಡರೊಬ್ಬರನ್ನು ತೆಗೆದುಕೊಳ್ಳಿ. ವೆಬ್‌ಸೈಟ್ ಮಾಡಿಕೊಟ್ಟ ಬೆಂಗಳೂರಿನ ಹುಡುಗ ಅದರ ಜೊತೆಗೇ ಒಂದು ಮೇಲ್ ವಿಳಾಸವನ್ನೂ ಕೊಟ್ಟಿದ್ದಾನೆ, ಈಗ ಫೋನ್ ಎತ್ತುತ್ತಿಲ್ಲ. ಹೊಸ ಮೊಬೈಲ್ ತಗೊಂಡು ವಿಳಾಸ, ಪಾಸ್‌ವರ್ಡ್ ಹಾಕಿದರೆ ಆ್ಯಪು ಎದುರು ಪ್ರಶ್ನೆ ಕೇಳುತ್ತದೆ: ಇನ್‌ಕಮಿಂಗ್ ಸರ್ವರ್ ಯಾವುದು, ಔಟ್‌ಗೋಯಿಂಗ್ ಯಾವುದು, ಪೋರ್ಟ್ ಎಷ್ಟು?

"ಸರ್ವರ್ ಹೆಸ್ರು ಗೊತ್ತಾ ಗೌಡ್ರೆ?"

"ಎಂತ ಸರ್ವರ್ ಮಾರಾಯ, ಪಾಸ್‌ವರ್ಡ್ ಇದೆ ನೋಡು."

ಕಸುಬು ಬಲ್ಲವನು ಇಲ್ಲಿ ಊಹೆಗೆ ಇಳಿಯುವುದಿಲ್ಲ. ಅಟ್ ಚಿಹ್ನೆಯ ಮುಂದಿರುವ ಡೊಮೈನ್ ಹೆಸರನ್ನಷ್ಟೇ ತೆಗೆದುಕೊಂಡು ಅದರ ಎಂಎಕ್ಸ್ ದಾಖಲೆ ನೋಡುತ್ತಾನೆ. ಈ ಡೊಮೈನಿಗೆ ಬಂದ ಮೇಲನ್ನು ಯಾರ ಬಾಗಿಲಿಗೆ ಮುಟ್ಟಿಸಬೇಕು ಎಂದು ಜಗತ್ತಿಗೆಲ್ಲ ಹೇಳುವ ದಾಖಲೆ ಅದು. ಗುಟ್ಟಿನದೇನಲ್ಲ; ಯಾರು ಬೇಕಾದರೂ ಕೇಳಬಹುದು, ಕೇಳಿ ತೋರಿಸುವ ಪುಟಗಳು ಬೇಕಾದಷ್ಟಿವೆ. ಉತ್ತರದ ಕೊನೆಯಲ್ಲಿ ಗೂಗಲ್ ಡಾಟ್ ಕಾಮ್ ಕಂಡರೆ, ವಿಳಾಸ ಹೋಂಸ್ಟೇ ಹೆಸರಿನದಾದರೂ ಮೇಲ್ ಇರುವುದು ಗೂಗಲ್ಲಿನ ಮನೆಯಲ್ಲಿ. ಸರ್ವರ್ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್. ಪ್ರೊಟೆಕ್ಷನ್ ಡಾಟ್ ಔಟ್‌ಲುಕ್ ಡಾಟ್ ಕಾಮ್ ಕಂಡರೆ ಅದು ಮೈಕ್ರೋಸಾಫ್ಟಿನದು. ಜೋಹೋ ಎಂದಿದ್ದರೆ ಜೋಹೋದ್ದೇ. ಅಲ್ಲಿ ಫೋನಿನ ಆ್ಯಪು ಮೇಲ್ ತರಿಸಿಕೊಳ್ಳುವ ವಿಧಾನವಾದ ಐಮ್ಯಾಪನ್ನು ಖಾತೆಯ ಸೆಟ್ಟಿಂಗಿನೊಳಗೆ ಮೊದಲು ಆನ್ ಮಾಡಿರಬೇಕು. ಹೊಸಬರು ಎಡವುವ ಜಾಗವೊಂದಿದೆ: ಎಂಎಕ್ಸ್‌ನಲ್ಲಿ ಕಂಡ ಹೆಸರನ್ನೇ ಇನ್‌ಕಮಿಂಗ್ ಖಾನೆಗೆ ತುಂಬಿಬಿಡುತ್ತಾರೆ. ಅದು ಬೇರೆ ಸರ್ವರುಗಳು ಮೇಲ್ ತಂದು ಒಪ್ಪಿಸುವ ಬಾಗಿಲು, ನಮ್ಮ ಫೋನು ಒಳಹೋಗುವ ಬಾಗಿಲು ಬೇರೆ. ಎಂಎಕ್ಸ್ ಹೇಳುವುದು ಮನೆ ಯಾರದ್ದು ಎಂದು ಮಾತ್ರ.

ಗೌಡರ ಎಂಎಕ್ಸ್ ಅವರದೇ ಡೊಮೈನನ್ನು ತೋರಿಸಿತು ಎನ್ನಿ. ಹಾಗಾದರೆ ವೆಬ್‌ಸೈಟ್ ಕೂತಿರುವ ಬಾಡಿಗೆ ಸರ್ವರಿನಲ್ಲೇ ಮೇಲೂ ಇದೆ. ಅಲ್ಲಿ ಸಾಮಾನ್ಯವಾಗಿ ಡೊಮೈನಿನ ಹಿಂದೆ 'ಮೇಲ್ ಡಾಟ್' ಸೇರಿಸಿದರೆ ಹೆಸರು ಸಿದ್ಧ. ಹಾಕಿದ ಕೂಡಲೇ ಆ್ಯಪು ಕೆಂಪು ಅಕ್ಷರದಲ್ಲಿ ಎಚ್ಚರಿಸಬಹುದು: ಸರ್ವರಿನ ಗುರುತುಪತ್ರವಾದ ಸರ್ಟಿಫಿಕೇಟ್ ಹೆಸರಿಗೆ ಹೊಂದುತ್ತಿಲ್ಲ. ಅವಸರದವರು 'ಎಲ್ಲ ಸರ್ಟಿಫಿಕೇಟ್ ಒಪ್ಪಿಕೋ' ಎಂದು ಒತ್ತಿ ಮುಂದೆ ಹೋಗುತ್ತಾರೆ. ಕಸುಬುದಾರ ಆ ಎಚ್ಚರಿಕೆಯನ್ನೇ ಒತ್ತಿ ಒಳಗೆ ಓದುತ್ತಾನೆ. ಯಾವ ಹೆಸರಿಗೆ ಸರ್ಟಿಫಿಕೇಟ್ ಕೊಟ್ಟಿದೆ ಎಂದು ಅಲ್ಲಿ ಬರೆದಿರುತ್ತದೆ. ಹೋಸ್ಟಿಂಗ್ ಕಂಪನಿಯ ಯಾವುದೋ ನಂಬರಿನ ಸರ್ವರ್ ಅದು. ವರ್ಷವರ್ಷ ಗೌಡರಿಗೆ ಬಿಲ್ಲು ಕಳಿಸುವುದು ಅದೇ ಕಂಪನಿ ಹೌದೇ ಎಂದು ತಾಳೆ ನೋಡಿ, ಹೌದಾದರೆ ಆ ಹೆಸರನ್ನೇ ಖಾನೆಯಲ್ಲಿ ಬರೆಯುತ್ತಾನೆ. ಎಚ್ಚರಿಕೆ ಮಾಯವಾಗುತ್ತದೆ. ಬೈದವನ ಬಾಯಿಂದಲೇ ವಿಳಾಸ ತಿಳಿದುಕೊಳ್ಳುವ ಈ ಉಪಾಯ ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದದ್ದು.

ಪೋರ್ಟಿನ ಅಂಕಿಗಳನ್ನು ಈ ಕಸುಬುದಾರರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿರುತ್ತಾರೆ. ಮೇಲ್ ತರಿಸುವ ಎರಡು ವಿಧಾನಗಳಲ್ಲಿ ಐಮ್ಯಾಪಿಗೆ 993, ಪಾಪ್‌ಗೆ 995, ಎರಡಕ್ಕೂ ಸಂಪರ್ಕವನ್ನು ಗುಪ್ತವಾಗಿಡುವ ಎಸ್‌ಎಸ್‌ಎಲ್. ಕಳಿಸುವುದಕ್ಕೆ 465 ಆದರೆ ಎಸ್‌ಎಸ್‌ಎಲ್, 587 ಆದರೆ ಅದೇ ರಕ್ಷಣೆಯ ಇನ್ನೊಂದು ಬಗೆಯಾದ ಸ್ಟಾರ್ಟ್‌ಟಿಎಲ್‌ಎಸ್. ಇವೆರಡನ್ನು ಅದಲುಬದಲು ಮಾಡಿದರೆ ಆ್ಯಪು ಸುಮ್ಮನೆ ಸುತ್ತುತ್ತಾ ಕೂರುತ್ತದೆ. 465ರದ್ದು ಒಂದು ತಮಾಷೆಯ ಚರಿತ್ರೆ: 1997ರಲ್ಲಿ ಈ ಕೆಲಸಕ್ಕೆ ಕೊಟ್ಟರು, ಸ್ವಲ್ಪ ಕಾಲಕ್ಕೇ ವಾಪಸ್ ಪಡೆದರು, ಜನ ಮಾತ್ರ ಬಳಸುವುದನ್ನು ಬಿಡಲಿಲ್ಲ, ಕೊನೆಗೆ 2018ರಲ್ಲಿ ಮತ್ತೆ ಅಧಿಕೃತವಾಗಿ ಒಪ್ಪಬೇಕಾಯಿತು. ಹಳೆಯ 25ನೇ ಪೋರ್ಟು ಸರ್ವರ್ ಸರ್ವರ್‌ಗಳ ನಡುವಿನ ದಾರಿ. ಫೋನಿಗೆ ಅದನ್ನು ಹಾಕುವುದು ಬೇಡ, ಸ್ಪ್ಯಾಮಿನ ಕಾಟಕ್ಕೆ ಎಷ್ಟೋ ನೆಟ್‌ವರ್ಕುಗಳು ಅದನ್ನು ಮುಚ್ಚಿಟ್ಟಿವೆ.

ಐಮ್ಯಾಪೋ ಪಾಪೋ ಎಂದು ಕೇಳಿದರೆ ಐಮ್ಯಾಪ್ ಎನ್ನಿ. ಪಾಪ್ ಮೇಲನ್ನು ಫೋನಿಗೆ ಇಳಿಸಿಕೊಂಡು, ಬಿಟ್ಟರೆ ಸರ್ವರಿನಿಂದ ಅಳಿಸಿಯೂ ಬಿಡುತ್ತದೆ. ಆಮೇಲೆ ಫೋನು ಹೊಳೆಗೆ ಬಿದ್ದರೆ ಬುಕಿಂಗಿನ ಲೆಕ್ಕವೂ ಅದರ ಹಿಂದೆಯೇ. ಐಮ್ಯಾಪನ್ನು 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿದವರು ಮಾರ್ಕ್ ಕ್ರಿಸ್ಪಿನ್. ಅದರಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ, ಫೋನು ಮೊದಲು ಯಾರಿಂದ, ಏನು ವಿಷಯ ಎಂಬಷ್ಟನ್ನೇ ತರಿಸಿಕೊಳ್ಳಬಹುದು. ಹತ್ತು ಎಂಬಿಯ ಮದುವೆ ಫೋಟೊ ಲಗತ್ತಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಒಕ್ಕಣೆ ಮಾತ್ರ ಓದಬಹುದು. ಒಂದು ಕಡ್ಡಿ ಸಿಗ್ನಲ್ಲಿನ ಮಳೆಗಾಲಕ್ಕೆಂದೇ ಮಾಡಿದ ಹಾಗಿದೆ. ಬಲ್ಲವರು ಸಿಂಕ್ ಅವಧಿಯನ್ನೂ ಊರು ನೋಡಿ ಇಡುತ್ತಾರೆ: ಸಿಗ್ನಲ್ ಇಲ್ಲದ ಕಡೆ ಐದೈದು ನಿಮಿಷಕ್ಕೆ ಹುಡುಕಲು ಬಿಟ್ಟರೆ ಬ್ಯಾಟರಿ ಸಂಜೆಗೆ ಮುಂಚೆ ಖಾಲಿ, ಗಂಟೆಗೊಮ್ಮೆ ಸಾಕು.

ಇನ್ನು ದೋಷ ಸಂದೇಶಗಳನ್ನು ಓದುವ ಜಾಣ್ಮೆ. 'ಸರ್ವರ್ ಸಂಪರ್ಕ ಸಿಗುತ್ತಿಲ್ಲ' ಎಂದರೆ ಹೆಸರೋ ಪೋರ್ಟೋ ತಪ್ಪಿದೆ, ಇಲ್ಲವೇ ಸಿಗ್ನಲ್ಲೇ ಹೋಗಿದೆ. ಅದಕ್ಕೇ ಇನ್ನಾವುದಾದರೂ ಪುಟ ತೆರೆದು ನೋಡಿಯೇ ಮುಂದಿನ ಹೆಜ್ಜೆ. 'ಪಾಸ್‌ವರ್ಡ್ ತಪ್ಪು' ಎಂದು ಬಂದರೆ ಗಿರಾಕಿಯ ಮುಖ ಬಾಡುತ್ತದೆ, ಅಂಗಡಿಯವನದ್ದು ಅರಳುತ್ತದೆ. ಸರ್ವರ್ ಸಿಕ್ಕಿದೆ, ಮಾತಾಡುತ್ತಿದೆ ಎಂದಾಯಿತಲ್ಲ. ಯೂಸರ್‌ನೇಮಿನಲ್ಲಿ ಅಟ್ ಚಿಹ್ನೆಯ ಹಿಂದಿನದ್ದು ಮಾತ್ರ ಇದ್ದರೆ ಪೂರ್ತಿ ವಿಳಾಸ ಬರೆದರೆ ಸಾಕು, ಹೆಚ್ಚಿನ ಸಲ ದಾರಿ ಬಿಡುತ್ತದೆ. ಮೇಲ್ ಬರುತ್ತದೆ, ಹೋಗುವುದಿಲ್ಲ ಎಂದರೆ ಔಟ್‌ಗೋಯಿಂಗ್ ಖಾನೆಯಲ್ಲಿ ಸೈನ್‌ಇನ್ ಬೇಕು ಎಂಬಲ್ಲಿ ಟಿಕ್ ಬಿಟ್ಟುಹೋಗಿರಬಹುದು. ಬರುವುದಕ್ಕೂ ಹೋಗುವುದಕ್ಕೂ ಎರಡು ಬೇರೆ ಸರ್ವರ್ ಎನ್ನುವುದು ಆ ಹೊತ್ತಿಗೆ ಗೌಡರಿಗೂ ಮನದಟ್ಟಾಗುತ್ತದೆ.

ಗೂಗಲ್ ಖಾತೆಯಾದರೆ ಇನ್ನೊಂದು ಬೇಲಿ. 2022ರ ಮೇ ಕೊನೆಯಿಂದ ಗೂಗಲ್ ವೈಯಕ್ತಿಕ ಖಾತೆಗಳಲ್ಲಿ ಹೊರಗಿನ ಆ್ಯಪಿಗೆ ಬರೀ ಪಾಸ್‌ವರ್ಡ್ ನಂಬಿ ಬಾಗಿಲು ತೆರೆಯುವುದನ್ನು ನಿಲ್ಲಿಸಿತು. ಗೂಗಲ್ಲಿನದೇ ಪುಟದಲ್ಲಿ ಸೈನ್‌ಇನ್ ಆಗಬೇಕು, ಇಲ್ಲವೇ ಎರಡು ಹಂತದ ಪರಿಶೀಲನೆ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಎಂಬ ಹದಿನಾರು ಅಕ್ಷರದ ಸಾಲನ್ನು ಮಾಡಿಸಿಕೊಳ್ಳಬೇಕು. ಎರಡನೇ ಹಂತದ ಓಟಿಪಿ ಎಸ್‌ಎಂಎಸ್ ಘಾಟಿಯ ಮೇಲೆ ಕೆಲವೊಮ್ಮೆ ಅರ್ಧ ಗಂಟೆ ತಡವಾಗಿ, ಅವಧಿ ತೀರಿದ ಮೇಲೆ ಬರುತ್ತದೆ. ಸಿಗ್ನಲ್ಲೇ ಬೇಡದ ಅಥೆಂಟಿಕೇಟರ್ ಆ್ಯಪನ್ನು ಸಿಗ್ನಲ್ ಇದ್ದಾಗಲೇ ಜೋಡಿಸಿಟ್ಟುಕೊಳ್ಳುವುದು ಇಲ್ಲಿಯವರಿಗೆ ಒಳ್ಳೆಯದು.

ಎಲ್ಲ ಮುಗಿದ ಮೇಲೆ ಪರೀಕ್ಷೆಗೆ ಬೇರೆಯವರಿಗೆ ಕಳಿಸಬೇಕಿಲ್ಲ. ಗೌಡರ ಮೇಲಿನಿಂದ ಗೌಡರಿಗೇ ಒಂದು ಸಾಲು. ಅದು ಮೇಲ್ ಕಳಿಸುವ ಎಸ್‌ಎಂಟಿಪಿ ದಾರಿಯಲ್ಲಿ ಹೊರಟು ಐಮ್ಯಾಪ್ ದಾರಿಯಲ್ಲಿ ವಾಪಸ್ ಬಂದರೆ ಎರಡೂ ಸರ್ವರ್ ಸರಿ. ಆಮೇಲೆ ಅಂಗಡಿಯವನು ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಎರಡು ಸರ್ವರಿನ ಹೆಸರು, ಎರಡು ಪೋರ್ಟು, ಎಸ್‌ಎಸ್‌ಎಲ್ಲೋ ಸ್ಟಾರ್ಟ್‌ಟಿಎಲ್‌ಎಸ್ಸೋ, ಯೂಸರ್‌ನೇಮು ಇಷ್ಟನ್ನು ಬರೆದು ಕೈಗಿಡುತ್ತಾನೆ.

"ಪಾಸ್‌ವರ್ಡೂ ಬರ್ದುಬಿಡು ಮಾರಾಯ."

"ಅದೊಂದು ನಿಮ್ಮ ತಲೇಲೇ ಇರ್ಲಿ ಗೌಡ್ರೆ."