ಚೆಸ್ ಕಂಡುಹಿಡಿದದ್ದು ಚೀನಾದ ಸೇನಾಪತಿಯೇ?

ಚಳಿಗಾಲದಲ್ಲಿ ಬಿಡಾರ ಹೂಡಿದ್ದ ಸೈನಿಕರ ಬೇಸರ ಕಳೆಯಲು ಸೇನಾಪತಿ ಹಾನ್ ಶಿನ್ ಒಂದು ಆಟ ಕಟ್ಟಿದನಂತೆ. ಕ್ರಿ.ಪೂ. 204ರ ಸುಮಾರಿನ ಮಾತು. ಅದೇ ಶಿಯಾಂಗ್‌ಚಿ, ಅಂದರೆ ಚೀನೀ ಚದುರಂಗ. ಹಾಗಾಗಿ ಚೆಸ್‌ನ ತವರು ಚೀನಾ, ಭಾರತವಲ್ಲ! ಈ ವಾದಕ್ಕಾಗಿ ಡೇವಿಡ್ ಲೀ 1998ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಫಾರ್ವರ್ಡ್ ಮಾಡುವ ಮುನ್ನ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಕತೆಗೆ ಆಧಾರ ಇಲ್ಲವೆಂದಲ್ಲ. ಶಿಯಾಂಗ್‌ಚಿ ಹಾಸಿನ ನಡುವೆ ಒಂದು ‘ನದಿ’ ಇದೆ. ಅದರ ಮೇಲೆ ‘ಚು ನದಿ, ಹಾನ್ ಗಡಿ’ ಎಂದು ಬರೆದಿರುತ್ತಾರೆ. ಚು ಮತ್ತು ಹಾನ್ ಪಕ್ಷಗಳು ಕ್ರಿ.ಪೂ. 206ರಿಂದ 202ರವರೆಗೆ ಕಾದಾಡಿದ್ದು ಇತಿಹಾಸ. ಹಾನ್ ಶಿನ್ ಹಾನ್ ಪಕ್ಷದ ಸೇನಾನಿ. ಆದರೆ ಹೆಸರು ಹಳೆಯದಾದರೆ ಆಟವೂ ಅಷ್ಟೇ ಹಳೆಯದಾಗಬೇಕಿಲ್ಲ. ಬೆಂಗಳೂರಿನ ಪುಲಿಕೇಶಿನಗರವನ್ನು ಪುಲಿಕೇಶಿ ಕಟ್ಟಿಸಲಿಲ್ಲವಲ್ಲ!

ಇನ್ನೊಂದು ಗೊಂದಲ ಪದದ್ದು. ಉತ್ತರ ಝೌ ದೊರೆ ವೂ ಕ್ರಿ.ಶ. 569ರಲ್ಲಿ ‘ಶಿಯಾಂಗ್’ ಆಟದ ಬಗ್ಗೆ ಪುಸ್ತಕ ಬರೆಸಿದ ಎನ್ನುತ್ತಾರೆ. ಆದರೆ ‘ಶಿಯಾಂಗ್’ ಎಂದರೆ ಆನೆಯೂ ಹೌದು, ಆಕೃತಿಯೂ ಹೌದು. ಅದು ಗ್ರಹ ನಕ್ಷತ್ರಗಳ ಆಟವಾಗಿತ್ತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಗಟ್ಟಿ ನೆಲ ಸಿಗುವುದು 11ನೇ ಶತಮಾನದಲ್ಲಿ. ಇತಿಹಾಸಕಾರ ಸಿಮಾ ಗುವಾಂಗ್ (1019-1086) ಹೆಸರಿನಲ್ಲಿ ‘ಏಳು ರಾಜ್ಯಗಳ ಆಟ’ವಿದೆ: 19 ಗೆರೆಗಳ ಹಾಸು, ಏಳು ಆಟಗಾರರು, ನಡುವೆ ಕದಲದೆ ಕೂತ ಝೌ ದೊರೆ. ಶಿಯಾಂಗ್‌ಚಿಯನ್ನು ಹಿಗ್ಗಿಸಿ ಮಾಡಿದ ಆಟವಿದು. ಅಂದರೆ ಮೂಲ ಆಟ ಆಗಲೇ ಜನರಿಗೆ ಗೊತ್ತಿತ್ತು.

ಈಗ ಕಾಯಿಗಳನ್ನು ನೋಡಿ. ಶಿಯಾಂಗ್‌ಚಿಯ ಮೂಲೆಯಿಂದ ಒಳಕ್ಕೆ ರಥ, ಕುದುರೆ, ಆನೆ. ಪರ್ಷಿಯಾದ ಹಳೆಯ ಚದುರಂಗದಲ್ಲೂ ಇದೇ ಸಾಲು, ಕುದುರೆಯ ನಡೆಯೂ ಹೆಚ್ಚುಕಡಿಮೆ ಅದೇ. ಇದು ಕಾಕತಾಳೀಯವೆಂದು ನಂಬುವುದು ಕಷ್ಟ. ಪರ್ಷಿಯನ್ನರು ಆಟಕ್ಕಿಟ್ಟ ಹೆಸರು ‘ಚತ್ರಂಗ್’, ನಮ್ಮ ಚತುರಂಗದಿಂದಲೇ ಹೋದದ್ದು. 7ನೇ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲೂ ಚತುರಂಗದ ಉಲ್ಲೇಖವಿದೆ. ಹಾಗಾಗಿ ಆಟ ಭಾರತದಿಂದ ಹೊರಟಿತೆಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಒಂದು ಕಾಯಿಯ ಮೇಲಿಂದ ಹಾರಿ ಎದುರಾಳಿಯನ್ನು ಹೊಡೆಯುವ ‘ಫಿರಂಗಿ’ ಮಾತ್ರ ಚೀನೀಯರ ಸ್ವಂತ ಸೊತ್ತು.

ಅಂದಹಾಗೆ, ರಾವಣನಿಗಾಗಿ ಮಂಡೋದರಿ ಚೆಸ್ ಕಂಡುಹಿಡಿದಳು ಎಂಬ ನಮ್ಮ ಕಡೆಯ ಸಂದೇಶವನ್ನೂ ಇದೇ ತಕ್ಕಡಿಯಲ್ಲಿಟ್ಟೆವು. ಅದಕ್ಕೆ ಹಾನ್ ಶಿನ್ ಕತೆಗಿರುವಷ್ಟು ಆಧಾರವೂ ಸಿಗಲಿಲ್ಲ.