ಹುಲ್ಲಿಗೂ ವಿಶ್ರಾಂತಿ ಬೇಕು

ಜತ್ತ ತಾಲೂಕಿನ ರೈತ ಬಂಧುಗಳೇ, ಅಕ್ಕ-ತಂಗಿಯರೇ,

ನಿಮ್ಮ ಮನೆಯಲ್ಲಿ ಒಂದೆರಡು ಖಿಲಾರಿ ಆಕಳು ಇರಬಹುದು. ನಾಲ್ಕಾರು ಮಾಡಗ್ಯಾಳ ಕುರಿ ಇರಬಹುದು. ಮಾಡಗ್ಯಾಳ ನಮ್ಮ ತಾಲೂಕಿನದೇ ಊರು. ಊರಿನ ಹೆಸರೇ ಕುರಿಗೆ ಬಂದಿದೆ.

ನಮ್ಮದು ಮಳೆ ಕಡಿಮೆ ಇರುವ ಸೀಮೆ. 1972ರ ಬರವನ್ನು ಹಿರಿಯರು ಮರೆತಿಲ್ಲ. 2012ರಲ್ಲಿಯೂ ಮಳೆ ಕೈಕೊಟ್ಟಿತು. 2013ರ ಬೇಸಿಗೆಯಲ್ಲಿ ಸಾಂಗ್ಲಿ, ಸೊಲ್ಲಾಪುರ ಜಿಲ್ಲೆಗಳಲ್ಲಿ ದನಗಳಿಗಾಗಿ ಚಾರಾ ಛಾವಣಿ ತೆರೆದರು. ಮೇವು ಇಲ್ಲದಿದ್ದರೆ ಸಾಕಿದ ಆಕಳು ಸಂತೆಯ ಪಾಲು. ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಗೆ ಬೆಳೆದ ಹುಲ್ಲನ್ನು ಉಳಿಸುವುದು ನಮ್ಮ ಕೈಯಲ್ಲಿದೆ. ಹೇಗೆ? ಓದಿರಿ.

ಹುಲ್ಲು ಯಾಕೆ ಸಾಯುತ್ತದೆ?

ಹಸಿರು ಎಲೆಯೇ ಹುಲ್ಲಿನ ಅಡಿಗೆಮನೆ. ಎಲೆಯು ಬಿಸಿಲಿನಲ್ಲಿ ಆಹಾರ ಮಾಡುತ್ತದೆ. ಆ ಆಹಾರ ಬೇರಿಗೂ ಹೋಗುತ್ತದೆ. ದನ ಒಮ್ಮೆ ಮೇಯ್ದರೆ ಚಿಂತೆ ಇಲ್ಲ. ಹುಲ್ಲು ಮತ್ತೆ ಚಿಗುರುತ್ತದೆ. ಆದರೆ ಎಳೆ ಚಿಗುರನ್ನು ದಿನಾ ಕಚ್ಚಿದರೆ? ಬೇರಿಗೆ ಆಹಾರ ಸಿಗುವುದಿಲ್ಲ. ಬೇರು ಸೊರಗಿ ಸಾಯುತ್ತದೆ. ನೆಲ ಬೋಳಾಗುತ್ತದೆ. ಆಗ ಮಳೆ ನೀರು ಇಂಗುವುದಿಲ್ಲ. ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ.

“ದನ ಹೆಚ್ಚಾದವು, ಅದಕ್ಕ ಹುಲ್ಲು ಹೋತು” ಅಂತೀವಿ. ಅದೂ ಖರೆ. ಆದರೆ ಒಂದೇ ಆಕಳು ಒಂದೇ ಜಾಗದಲ್ಲಿ ದಿನಾ ಮೇಯ್ದರೂ ಅಲ್ಲಿಯ ಹುಲ್ಲು ಸಾಯುತ್ತದೆ.

ಪಾಳಿ ಹಚ್ಚಿರಿ

ನಿಮಗೆ ಒಂದು ಎಕರೆ ಹುಲ್ಲಿನ ಮಡ್ಡಿ ಇದೆ ಎನ್ನಿ. ಅಂದರೆ 40 ಗುಂಟೆ. ಅದನ್ನು 5 ತುಂಡು ಮಾಡಿರಿ. ಒಂದೊಂದು ತುಂಡು 8 ಗುಂಟೆ. ಜಾಲಿಮುಳ್ಳಿನ ಬೇಲಿ ಸಾಕು. ಒಂದು ತುಂಡಿನಲ್ಲಿ ಒಂದು ವಾರ ಮೇಯಿಸಿರಿ. ಆಮೇಲೆ ಮುಂದಿನ ತುಂಡು. ಹೀಗೆ ಮಾಡಿದರೆ ಪ್ರತಿ ತುಂಡಿಗೂ 4 ವಾರ, ಅಂದರೆ 28 ದಿನ ವಿಶ್ರಾಂತಿ ಸಿಗುತ್ತದೆ.

ದಿನದ ಲೆಕ್ಕಕ್ಕಿಂತ ಕಣ್ಣಿನ ಲೆಕ್ಕ ದೊಡ್ಡದು. ಹುಲ್ಲು ಒಂದು ಗೇಣು ಬೆಳೆದ ಮೇಲೆ ದನ ಬಿಡಿರಿ. ನಾಲ್ಕು ಬೆರಳು ಉಳಿದಾಗ ಹೊರಗೆ ಹೊಡೆಯಿರಿ. ಮಳೆ ತಡವಾದರೆ ಕಾಯಿರಿ. ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿ ಕಣಿಕಿ ಹಾಕಿರಿ.

“ಇಷ್ಟು ಸಣ್ಣ ತುಂಡಿನ್ಯಾಗ ದನ ಏನ್ ತಿನ್ನಬೇಕ್ರೀ ಮಾಸ್ತರ?” ಎಂದು ನೀವು ಕೇಳಬಹುದು. ದಿನಾ ಕಚ್ಚಿದ ಜಾಗದಲ್ಲಿ ಬೆರಳಷ್ಟು ಹುಲ್ಲು. ಕಾಯ್ದ ಜಾಗದಲ್ಲಿ ಗೇಣಷ್ಟು ಹುಲ್ಲು. ಯಾವುದು ಹೆಚ್ಚು? ನೀವೇ ಹೇಳಿರಿ.

ಆಕಳು ಮುಂದೆ, ಕುರಿ ಹಿಂದೆ

ಆಕಳು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆಯುತ್ತದೆ. ಅದಕ್ಕೆ ಎತ್ತರದ ಹುಲ್ಲು ಬೇಕು. ಕುರಿಯ ಬಾಯಿ ಸಣ್ಣದು. ಅದು ನೆಲಕ್ಕೆ ಹತ್ತಿ ಕಚ್ಚುತ್ತದೆ. ಆದ್ದರಿಂದ ಬೆಳಿಗ್ಗೆ ಆಕಳು ಬಿಡಿರಿ. ಮಧ್ಯಾಹ್ನದ ಮೇಲೆ ಕುರಿ ಬಿಡಿರಿ. ಕುರಿ ಬುಡದವರೆಗೆ ಬೋಳಿಸದಂತೆ ನೋಡಿಕೊಳ್ಳಿರಿ.

ಇನ್ನೊಂದು ಲಾಭ ಉಂಟು. ಕುರಿಯ ಹಿಕ್ಕೆಯಿಂದ ಜಂತಿನ ಮರಿಗಳು ಹುಲ್ಲಿಗೆ ಹತ್ತುತ್ತವೆ. ಅವುಗಳಲ್ಲಿ ಹೆಚ್ಚಿನವು ಆಕಳ ಹೊಟ್ಟೆಯಲ್ಲಿ ಬದುಕುವುದಿಲ್ಲ. ಎರಡೂ ಮೇಯ್ದರೆ ಜಂತಿನ ಕಾಟ ಕಡಿಮೆ. ಹಾಗಂತ ಜಂತಿನ ಔಷಧ ಬಿಡಬೇಡಿರಿ. ದನದ ಡಾಕ್ಟರರನ್ನು ಕೇಳಿರಿ.

ಬೇಸಿಗೆಯಲ್ಲಿ ಏನು ಮಾಡಬೇಕು?

ಬೇಸಿಗೆಯಲ್ಲಿ ಹುಲ್ಲು ಬೆಳೆಯುವುದಿಲ್ಲ. ಮಡ್ಡಿಯ ಹುಲ್ಲಿನ ಬುಡ ಉಳಿಸಿರಿ. ಸುಗ್ಗಿ ಮುಗಿದ ಹೊಲದಲ್ಲಿ ಮೇಯಿಸಿರಿ. ರಾತ್ರಿ ಅಲ್ಲಿಯೇ ಕುರಿ ಹಟ್ಟಿ ಹಾಕಿಸಿರಿ. ಹಿಕ್ಕೆ, ಉಚ್ಚೆ ಎರಡೂ ಮಣ್ಣಿಗೆ ಸೇರುತ್ತವೆ. ಹಟ್ಟಿಯ ಜಾಗವನ್ನು ಬದಲಿಸುತ್ತ ಹೋಗಿರಿ. ಇದು ನಮ್ಮ ಅಜ್ಜಂದಿರು ಮಾಡಿದ ಕೆಲಸವೇ.

ಎಚ್ಚರ! ಕೊಯ್ದ ಜೋಳದ ಬುಡದಲ್ಲಿ ಒಡೆದ ಎಳೆ ಚಿಗುರಿನಲ್ಲಿ ವಿಷ ಇರುತ್ತದೆ. ಹಸಿದ ದನ ಅದನ್ನು ತಿಂದರೆ ಸಾಯಬಹುದು. ಅಂಥ ಹೊಲಕ್ಕೆ ಬಿಡಬೇಡಿರಿ.

ಮಾಡಿ ನೋಡಿರಿ

ಈ ಮಳೆಗಾಲದಲ್ಲಿ ಒಂದೇ ತುಂಡಿಗೆ ಬೇಲಿ ಹಾಕಿರಿ. 28 ದಿನ ಬಿಟ್ಟು ಬೇಲಿಯ ಒಳಗಿನ ಹುಲ್ಲು, ಹೊರಗಿನ ಹುಲ್ಲು ಎರಡನ್ನೂ ಗೇಣಿನಿಂದ ಅಳೆಯಿರಿ.

ಉತ್ತರ ಬರೆಯಿರಿ

1. ದಿನಾ ಮೇಯ್ದರೆ ಹುಲ್ಲಿನ ಬೇರು ಯಾಕೆ ಸಾಯುತ್ತದೆ?
2. ಮೊದಲು ಆಕಳನ್ನು ಯಾಕೆ ಬಿಡಬೇಕು?
3. ನಿಮ್ಮ ಮಡ್ಡಿ ಎಷ್ಟು ಗುಂಟೆ? 5 ತುಂಡು ಮಾಡಿದರೆ ಒಂದು ತುಂಡು ಎಷ್ಟು ಗುಂಟೆ?